ಮುಟ್ಟಿನ ಲೆಕ್ಕ, ಗಣಪತಿ ಕಳಿಸಿದ ಮರುದಿನ ಮತ್ತು ನಲವತ್ತು ವಾರ

ತಾಯಿ-ಮಗು ಆರೈಕೆಯಲ್ಲಿ ನನಗೆ ಹೆಚ್ಚುಕಮ್ಮಿ ಎಲ್ಲ ಬಂತು, ಇಡಿಡಿ ಮಾತ್ರ ಬರಲಿಲ್ಲ. ನಗಬೇಡಿ. ಇಡಿಡಿ, ಅಂದಾಜು ಹೆರಿಗೆ ದಿನಾಂಕ, ಅಂದರೆ ಬರೀ ಕೂಡಿಸುವ ಲೆಕ್ಕ, ಮೊದಲ ಕ್ಲಾಸಿನಲ್ಲೇ ಹೇಳಿಕೊಟ್ಟು ಮುಗಿಸುತ್ತಾರೆ. ಪುಸ್ತಕದ ಲೆಕ್ಕ ನನಗೂ ಬರುತ್ತಿತ್ತು. ಪೋಸ್ಟಿಂಗ್‌ಗೆ ಹೋಗಿ ಎದುರಿಗೆ ಬಸುರಿ ಹೆಂಗಸು ಕೂತ ಮೇಲೆ ಒಂದೂ ಸರಿ ಬರಲಿಲ್ಲ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ನನ್ನ ಹಾಗೆ ಎಡವಿದವರು ಓದಿ.

ಮೊದಲು ಸೂತ್ರ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 9 ತಿಂಗಳು ಮತ್ತು 7 ದಿನ ಸೇರಿಸಿ. ಇದು ನೇಗೆಲೆ ನಿಯಮ, ಒಟ್ಟು 280 ದಿನ, ಅಂದರೆ 40 ವಾರ. ತಿಂಗಳು ಏಪ್ರಿಲ್ ಅಥವಾ ಆಮೇಲಿನದಾದರೆ 3 ತಿಂಗಳು ಹಿಂದೆ ಹೋಗಿ 7 ದಿನ ಸೇರಿಸಿ, ವರ್ಷ ಒಂದು ಜಾಸ್ತಿ ಮಾಡಿ, ಅದೇ ಸುಲಭ. ನವೆಂಬರ್ 26 ಆದರೆ ಆಗಸ್ಟ್ 26, ಅದಕ್ಕೆ 7 ಸೇರಿಸಿದರೆ 33, ಆಗಸ್ಟ್‌ಗೆ 31 ದಿನ, ಹಾಗಾಗಿ ಸೆಪ್ಟೆಂಬರ್ 2. ಮುಟ್ಟು 28 ದಿನಕ್ಕಲ್ಲ, 35 ದಿನಕ್ಕೊಮ್ಮೆ ಬರುವವರಿಗೆ ಇನ್ನೂ 7 ದಿನ ಸೇರಿಸಬೇಕು. ಇಷ್ಟೇ ಸೂತ್ರ.

ಈಗ ನನ್ನ ಕಥೆ. ಅಂಕೋಲೆಯ ಕಡೆಯ ಒಬ್ಬರು ಮೊದಲ ತಪಾಸಣೆಗೆ ಬಂದಿದ್ದರು. ಕೊನೆಯ ಸಲ ಮುಟ್ಟಾಗಿದ್ದು ಯಾವಾಗ ಅಕ್ಕಾ ಅಂದೆ. 'ಗಣಪತಿ ಕಳಿಸಿದ ಮರುದಿನ, ಸಿಸ್ಟರ್' ಅಂದರು. ನಾನು ಕ್ಯಾಲೆಂಡರ್ ತೆಗೆದೆ. 2025ರ ಚೌತಿ ಆಗಸ್ಟ್ 27. ನಮ್ಮನೆಯಲ್ಲಿ ಒಂದೂವರೆ ದಿನದ ಗಣಪತಿ. 28ಕ್ಕೆ ಕಳಿಸಿದ್ದು, ಮರುದಿನ 29. ಬರೆದುಬಿಟ್ಟೆ. ಇಡಿಡಿ 2026ರ ಜೂನ್ 5.

ಪಕ್ಕದಲ್ಲಿದ್ದ ಹಿರಿಯ ಸಿಸ್ಟರ್ ಕೇಳಿದರು: 'ಅವರ ಮನೆಯಲ್ಲಿ ಎಷ್ಟು ದಿನದ ಗಣಪತಿ ಅಂತ ಕೇಳಿದೆಯಾ?' ಕೇಳಿರಲಿಲ್ಲ. ಅವರದು ಐದು ದಿನದ್ದು. ಕಳಿಸಿದ್ದು 31ಕ್ಕೆ, ಮರುದಿನ ಸೆಪ್ಟೆಂಬರ್ 1, ಇಡಿಡಿ ಜೂನ್ 8. ನಾನು ಹೊಡೆದು ತಿದ್ದುತ್ತಿದ್ದ ಹಾಗೇ ಸಿಸ್ಟರ್ ಆ ಅಕ್ಕನಿಗೆ ಇನ್ನೊಂದು ಪ್ರಶ್ನೆ ಹಾಕಿದರು: 'ಅದು ಹೊರಗಾದ ದಿನವೋ, ತಲೆಗೆ ನೀರು ಹಾಕಿಕೊಂಡ ದಿನವೋ?' ನೀರು ಹಾಕಿಕೊಂಡ ದಿನವಂತೆ! ಗಣಪತಿ ಮನೆಯಲ್ಲಿರುವಾಗಲೇ ಹೊರಗಾಗಿ ಪೂಜೆಗೆ ಕೈ ಹಾಕಲಿಕ್ಕೆ ಆಗಲಿಲ್ಲ, ಆ ಬೇಜಾರಿಗೇ ಅವರಿಗೆ ಅದು ಅಷ್ಟು ನೆನಪಿದ್ದಿದ್ದು. ನಾಲ್ಕನೇ ದಿನ ಸ್ನಾನ ಸೆಪ್ಟೆಂಬರ್ 1 ಅಂದರೆ ಮೊದಲ ದಿನ ಆಗಸ್ಟ್ 29. ತಿರುಗಿ ಜೂನ್ 5ಕ್ಕೇ ಬಂತು. ಎರಡು ತಪ್ಪು ಸೇರಿ ಉತ್ತರ ಸರಿ ಆಗಿತ್ತು. ಪರೀಕ್ಷೆಯಲ್ಲಾಗಿದ್ದರೆ ಪೂರ್ತಿ ಮಾರ್ಕ್ಸ್ ಸಿಗುತ್ತಿತ್ತೇನೋ, ಸಿಸ್ಟರ್ ಮಾತ್ರ ಕೊಡಲಿಲ್ಲ.

'ಕೊನೆಯ ಮುಟ್ಟಿನ ದಿನ' ಅಂದಾಗ ನಮ್ಮ ಕಿವಿಗೆ ಬೀಳುವುದೇ ತಪ್ಪಾಗಿ. ಮುಟ್ಟಿನ ಕೊನೆಯ ದಿನ ಅಂತಲೂ ಕೇಳಿಸುತ್ತದೆ ಅಲ್ವಾ? ಈಗ ನಾನು ಆ ಮಾತನ್ನೇ ಬಿಟ್ಟಿದ್ದೇನೆ. 'ಹೋದ ಸಲ ಹೊರಗಾಗಿದ್ದು, ಮೊದಲನೇ ದಿನ ಕಂಡಿದ್ದು ಯಾವತ್ತು?' ಅಂತ ಕೇಳುತ್ತೇನೆ. ತಾರೀಕು ನೆನಪಿಲ್ಲದಿದ್ದರೆ ಹಬ್ಬ ಹಿಡಿದು ಕೇಳಬೇಕು, ಆದರೆ ಹಬ್ಬ ಒಂದೇ ದಿನದ್ದಾಗಿರಬೇಕು. ನೂಲು ಹುಣ್ಣಿಮೆ, ಶಿವರಾತ್ರಿ ಒಳ್ಳೆಯವು. ಮೀನುಗಾರರ ಮನೆಯವರಾದರೆ ಬೋಟು ನೀರಿಗಿಳಿದಿದ್ದು ನೆನಪಿರುತ್ತದೆ, ಯಾಕೆಂದರೆ ಜೂನ್ 1ರಿಂದ ಜುಲೈ 31ರ ತನಕ ಬಂದ್ ಇದ್ದು ಆಗಸ್ಟ್ 1ರಿಂದ ಮತ್ತೆ ಶುರು. ಶಿರಸಿ ಕಡೆಯವರು 'ಕೊನೆಕೊಯ್ಲು ನಡೆದಿತ್ತು' ಅಂದರೆ ಮಾತ್ರ ಪ್ರಯೋಜನ ಇಲ್ಲ. ಅಡಿಕೆ ಕೊಯ್ಲು ಒಂದೆರಡು ದಿನಕ್ಕೆ ಮುಗಿಯುವುದಲ್ಲ, ಇನ್ನೂ ಒಂದು ಗುರುತು ಕೇಳಲೇಬೇಕು.

ಇನ್ನು ನನ್ನ ತಲೆ ಕೆಡಿಸಿದ್ದು ತಿಂಗಳು ಮತ್ತು ವಾರ. ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

'ತಿಂಗಳು ತಪ್ಪಿ ಎರಡು ತಿಂಗಳಾಯಿತು' ಅಂದರೆ ಎಷ್ಟು ವಾರ? ನಾನು 8 ಅಂತ ಬರೆಯುತ್ತಿದ್ದೆ. ತಪ್ಪು. ನಾವು ಎಣಿಸುವುದು ಮುಟ್ಟಿನ ಮೊದಲ ದಿನದಿಂದ, ತಪ್ಪಿದ ದಿನದಿಂದ ಅಲ್ಲ. ಮುಟ್ಟು ಬರಬೇಕಾಗಿದ್ದ ದಿನ ಬರಲಿಲ್ಲ ಅನ್ನುವ ಹೊತ್ತಿಗೆ 4 ವಾರ ಆಗಲೇ ಮುಗಿದಿರುತ್ತದೆ. ಅದರಲ್ಲೂ ಮೊದಲ ಎರಡು ವಾರ ಆಕೆ ಬಸುರಿಯೇ ಅಲ್ಲ, ಅಂಡಾಣು ಬಿಡುಗಡೆ ಆಗುವುದೇ ಆಮೇಲೆ. ಇದು ನನಗೆ ಬಹಳ ದಿನ ನುಂಗಲಾರದ ತುತ್ತಾಗಿತ್ತು. ಇಲ್ಲದ ಬಸಿರಿಗೆ ಎರಡು ವಾರ ಯಾಕೆ ಎಣಿಸಬೇಕು? ಯಾಕೆಂದರೆ ಗರ್ಭ ನಿಂತ ದಿನ ಯಾರಿಗೂ ಗೊತ್ತಿಲ್ಲ, ಮುಟ್ಟಾದ ದಿನ ಗೊತ್ತು. ಕಣ್ಣಿಗೆ ಕಂಡ ದಿನ ಅದೊಂದೇ. ಹಾಗಾಗಿ ಲೆಕ್ಕ ಅಲ್ಲಿಂದ. ಎರಡು ತಿಂಗಳು ಸುಮಾರು ಎಂಟೂವರೆ ವಾರ, ಅದಕ್ಕೆ ಈ 4 ಸೇರಿಸಿ, ಹನ್ನೆರಡು ದಾಟಿತು. ನಾನು ಬರೆದಿದ್ದು 8.

ಎರಡನೇ ಗುಂಡಿ: ತಿಂಗಳಿಗೆ ನಾಲ್ಕು ವಾರ ಅಂತ ಗುಣಿಸುವುದು. ನಾಲ್ಕು ವಾರ ಅಂದರೆ 28 ದಿನ, ತಿಂಗಳಿಗೆ 30 ಅಥವಾ 31. ದೂರ ಹೋದಷ್ಟೂ ವ್ಯತ್ಯಾಸ ಬೆಳೆಯುತ್ತದೆ. ಅದೇ ಅಕ್ಕ 2026ರ ಜನವರಿ 15ಕ್ಕೆ ಬಂದರು ಅಂತಿಟ್ಟುಕೊಳ್ಳಿ. ನಾಲ್ಕೂವರೆ ತಿಂಗಳು, ನಾಲ್ಕರಿಂದ ಗುಣಿಸಿದರೆ 18 ವಾರ. ಈಗ ದಿನ ಎಣಿಸೋಣ. ಆಗಸ್ಟ್‌ನಲ್ಲಿ ಉಳಿದದ್ದು 2, ಸೆಪ್ಟೆಂಬರ್ 30, ಅಕ್ಟೋಬರ್ 31, ನವೆಂಬರ್ 30, ಡಿಸೆಂಬರ್ 31, ಜನವರಿ 15. ಒಟ್ಟು 139. ಏಳರಿಂದ ಭಾಗಿಸಿದರೆ 19 ವಾರ 6 ದಿನ. ಸುಮಾರು ಎರಡು ವಾರದ ತಪ್ಪು. ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್ 18ರಿಂದ 20 ವಾರದೊಳಗೆ ಆಗಬೇಕು. 18 ಅಂತ ಬರೆದು 'ಇನ್ನೂ ಟೈಮಿದೆ' ಅಂದಿದ್ದರೆ ಅವಧಿ ಅಲ್ಲೇ ಮುಗಿಯುತ್ತಿತ್ತು. ಹಾಗಾಗಿ ಯಾವಾಗಲೂ ದಿನ ಎಣಿಸಿ ಏಳರಿಂದ ಭಾಗಿಸಿ. ಅಡ್ಡದಾರಿ ಬೇಡ.

ಮೂರನೆಯದು ಭಾಷೆಯದ್ದು. 'ಎಂಟರಲ್ಲಿ ಬಿದ್ದಿದೆ' ಬೇರೆ, 'ಎಂಟು ತುಂಬಿದೆ' ಬೇರೆ. ಎಂಟರಲ್ಲಿ ಬಿದ್ದಿದೆ ಅಂದರೆ ಏಳು ತುಂಬಿದೆ ಅಂತ, ಅಂದರೆ 30 ವಾರದಿಂದ ಆಚೆ. ಎಂಟು ತುಂಬಿದೆ ಅಂದರೆ 34 ವಾರ ದಾಟಿ 35ರ ಹತ್ತಿರ. ಅವಧಿಗೆ ಮೊದಲೇ ನೋವು ಶುರುವಾಗಿ ಬಂದವರಿಗೆ 24ರಿಂದ 34 ವಾರದೊಳಗಾದರೆ ಮಗುವಿನ ಶ್ವಾಸಕೋಶ ಬಲಿಯಲಿ ಅಂತ ಡೆಕ್ಸಾಮೆಥಸೋನ್ ಕೊಡುತ್ತಾರೆ, 6 ಮಿಲಿಗ್ರಾಂ, 12 ಗಂಟೆಗೊಮ್ಮೆ, ನಾಲ್ಕು ಸಲ, ಸ್ನಾಯುವಿಗೆ. ಬರೀ 'ಎಂಟು ತಿಂಗಳು' ಅಂತ ಬರೆದುಕೊಂಡರೆ ಕೊಡಬೇಕೋ ಬೇಡವೋ ಅನ್ನುವುದೇ ತಿಳಿಯುವುದಿಲ್ಲ. ನಮ್ಮಜ್ಜಿ 'ಏಳರ ಕೂಸು ಉಳೀತದೆ, ಎಂಟರದ್ದು ಉಳಿಯೂದಿಲ್ಲ' ಅನ್ನುತ್ತಿದ್ದರು. ಅದು ಸುಳ್ಳು. ಹೊಟ್ಟೆಯಲ್ಲಿ ಒಂದೊಂದು ವಾರ ಜಾಸ್ತಿ ಇದ್ದಷ್ಟೂ ಅಂಥ ಮಗುವಿಗೆ ಒಳ್ಳೆಯದೇ. 37 ವಾರ ತುಂಬುವ ಮೊದಲು ಹುಟ್ಟಿದ್ದೆಲ್ಲ ಅವಧಿಪೂರ್ವವೇ.

ದಿನ ನೆನಪೇ ಇಲ್ಲದವರು, ಮೊದಲ ಮಗುವಿಗೆ ಹಾಲು ಕುಡಿಸುತ್ತಿರುವಾಗ ಮುಟ್ಟಾಗದೆಯೇ ಮತ್ತೆ ಬಸುರಾದವರು, ಇವರಿಗೆಲ್ಲ ಸೂತ್ರ ನಡೆಯುವುದಿಲ್ಲ. 14 ವಾರದೊಳಗಿನ ಸ್ಕ್ಯಾನೇ ಗತಿ. ತಡವಾದಷ್ಟೂ ಸ್ಕ್ಯಾನಿನ ಅಂದಾಜೂ ಸಡಿಲ. ತಾಯಿ ಕಾರ್ಡ್‌ನಲ್ಲಿ ದಿನಾಂಕ ಸ್ಕ್ಯಾನಿಂದ ಬಂದದ್ದೋ ಮುಟ್ಟಿಂದ ಬಂದದ್ದೋ ಅಂತ ಪಕ್ಕದಲ್ಲಿ ಬರೆದಿಡಿ.

ಜಿಪಿಎಲ್‌ಎ (ಎಷ್ಟು ಬಸಿರು, ಎಷ್ಟು ಹೆರಿಗೆ, ಬದುಕಿರುವ ಮಕ್ಕಳೆಷ್ಟು, ಗರ್ಭಪಾತ ಎಷ್ಟು ಅನ್ನುವ ಲೆಕ್ಕ) ಬಗ್ಗೆ ಒಂದೇ ಮಾತು: ಅವಳಿ ಹೆತ್ತರೆ ಪಿ ಒಂದೇ, ಎಲ್ ಎರಡು. ಪಿ ಹೆರಿಗೆಯ ಲೆಕ್ಕ, ತಲೆಯ ಲೆಕ್ಕ ಅಲ್ಲ. ಜಿಗೆ ಈಗಿನ ಬಸಿರೂ ಸೇರುತ್ತದೆ.

ಕಬ್ಬಿಣದ ಮಾತ್ರೆ ಎಲ್ಲರಿಗೂ ಗೊತ್ತಿದೆ. ಮೊದಲ ಮೂರು ತಿಂಗಳು ಕಳೆದ ಮೇಲೆ ದಿನಕ್ಕೊಂದು, 180 ದಿನ. ಇಲ್ಲೂ ವಾರದ ಲೆಕ್ಕ ತಪ್ಪಿದರೆ ಶುರು ಮಾಡುವುದೇ ತಡ.

ಹೆರಿಗೆ ಆದ ಕೂಡಲೇ: ಒಂದು ನಿಮಿಷದೊಳಗೆ ಗರ್ಭಕೋಶ ಗಟ್ಟಿಯಾಗಲಿ ಅಂತ ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ. ಕೊಡುವ ಮೊದಲು ಹೊಟ್ಟೆ ಮುಟ್ಟಿ ಇನ್ನೊಂದು ಮಗು ಇಲ್ಲ ಅಂತ ನೋಡಿ. ಆಮೇಲೆ ಗರ್ಭಕೋಶ ಗಟ್ಟಿ ಇದೆಯಾ ಅಂತ ಆಗಾಗ ಮುಟ್ಟಿ ನೋಡುವುದು. ಅದು ಮೇಲೇರಿ ಬಲಕ್ಕೆ ವಾಲಿದ್ದರೆ ಹೆದರುವ ಮೊದಲು ಕೇಳಿ, ಮೂತ್ರಕ್ಕೆ ಹೋಗಿ ಎಷ್ಟು ಹೊತ್ತಾಯಿತು ಅಂತ. ತುಂಬಿದ ಮೂತ್ರಕೋಶ ಗರ್ಭಕೋಶವನ್ನು ತಳ್ಳಿಬಿಡುತ್ತದೆ, ಸರಿಯಾಗಿ ಸಂಕುಚಿಸಲಿಕ್ಕೂ ಬಿಡುವುದಿಲ್ಲ, ರಕ್ತ ಹೋಗುತ್ತಲೇ ಇರುತ್ತದೆ. ರಕ್ತ 500 ಮಿಲಿಲೀಟರ್ ದಾಟಿದರೆ ಹೆರಿಗೆ ನಂತರದ ಅತಿ ರಕ್ತಸ್ರಾವ ಅಂತಲೇ ಹಿಡಿಯಬೇಕು.

ಮಗುವಿಗೆ: ಒರೆಸಿ, ತಾಯಿಯ ಎದೆಗೆ ಮೈಗೆ ಮೈ ತಾಗುವ ಹಾಗೆ ಹಾಕಿ, ಒಂದು ಗಂಟೆಯೊಳಗೆ ಎದೆಹಾಲು. ಜೇನು, ಸಕ್ಕರೆ ನೀರು ಏನೂ ಬೇಡ. ಅಜ್ಜಿಯಂದಿರ ಹತ್ತಿರ ಜಗಳ ಬೇಡ, ಆದರೆ ಬಟ್ಟಲು ಮಾತ್ರ ತೆಗೆದಿಡಿ. ವಿಟಮಿನ್ ಕೆ 1 ಮಿಲಿಗ್ರಾಂ ತೊಡೆಗೆ, ಮಗು 1000 ಗ್ರಾಂಗಿಂತ ಕಡಿಮೆ ಇದ್ದರೆ ಅರ್ಧ. ಬಿಸಿಜಿ, ಪೋಲಿಯೋ ಹನಿ, 24 ಗಂಟೆಯೊಳಗೆ ಹೆಪಟೈಟಿಸ್ ಬಿ.

ಎಪ್ಗಾರ್, ಅಂದರೆ ಆಗಷ್ಟೇ ಹುಟ್ಟಿದ ಮಗು ಹೇಗಿದೆ ಅಂತ ನೋಡಿ ಹಾಕುವ ಅಂಕ, ಅದನ್ನು ವರ್ಜೀನಿಯಾ ಎಪ್ಗಾರ್ ಅನ್ನುವ ಅರಿವಳಿಕೆ ವೈದ್ಯೆ 1952ರಲ್ಲಿ ತಂದಿದ್ದು. 1 ಮತ್ತು 5 ನಿಮಿಷಕ್ಕೆ ಹಾಕಬೇಕು. ಬಣ್ಣಕ್ಕೆ ಸುಮ್ನೆ 2 ಕೊಡಬೇಡಿ, ಮೈ ಕೆಂಪಗಿದ್ದು ಕೈಕಾಲು ನೀಲಿ ಇದ್ದರೆ 1 ಮಾತ್ರ. ಮಗು ಉಸಿರಾಡದಿದ್ದರೆ ಅಂಕಕ್ಕೆ ಕಾಯಬಾರದು, ಮೊದಲ ನಿಮಿಷದಲ್ಲೇ ಕೆಲಸ ಶುರು ಆಗಬೇಕು.

ತೂಕ ಇಳಿದದ್ದು ಎಷ್ಟು ಶೇಕಡಾ ಅಂತ ನೋಡುವಾಗ ಹುಟ್ಟಿದ ತೂಕದಿಂದ ಭಾಗಿಸಿ, ಇವತ್ತಿನದರಿಂದ ಅಲ್ಲ. 3000 ಗ್ರಾಂ ಇದ್ದದ್ದು 2760 ಆದರೆ 240 ಇಳಿದಿದೆ, ಶೇ. 8. ಅವಧಿ ತುಂಬಿ ಹುಟ್ಟಿದ ಮಗುವಿಗೆ ಶೇ. 10ರ ತನಕ ಇಳಿಯಬಹುದು. ಆದರೂ ಹಾಲು ಸರಿಯಾಗಿ ಹಿಡಿಯುತ್ತಿದೆಯಾ ಅಂತ ಕಣ್ಣಾರೆ ನೋಡದೆ 'ನಾರ್ಮಲ್' ಅನ್ನಬೇಡಿ.

ವಾರದ ಲೆಕ್ಕ ಮಗುವಿನ ಬೆನ್ನಿಗೂ ಬರುತ್ತದೆ. 32 ವಾರಕ್ಕೆ ಹುಟ್ಟಿ ಈಗ ನಾಲ್ಕು ತಿಂಗಳಾದ ಮಗು ಕತ್ತು ಇನ್ನೂ ಸರಿಯಾಗಿ ನಿಲ್ಲಿಸುತ್ತಿಲ್ಲ ಅಂತ ತಾಯಿ ಗಾಬರಿಯಾದರೆ, ಅದು 8 ವಾರ ಮುಂಚೆ ಬಂದದ್ದು ಅನ್ನುವುದನ್ನು ಕಳೆಯಿರಿ. ಬೆಳವಣಿಗೆಯ ಲೆಕ್ಕದಲ್ಲಿ ಅದಕ್ಕೆ ಸುಮಾರು ಎರಡೇ ತಿಂಗಳು. ಆದರೆ ಲಸಿಕೆಗೆ ಹೀಗೆ ಕಳೆಯಬಾರದು, ಹುಟ್ಟಿದ ದಿನದಿಂದಲೇ ಎಣಿಸಬೇಕು. ನಾನು ಇದನ್ನೂ ಉಲ್ಟಾ ಬರೆದಿದ್ದೆ.

ಕೊನೆಗೆ ಉಸಿರು ಎಣಿಸುವುದು. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಜಾಸ್ತಿ, 2ರಿಂದ 12 ತಿಂಗಳಿಗೆ 50, ಒಂದರಿಂದ ಐದು ವರ್ಷಕ್ಕೆ 40. ಇಷ್ಟಾದರೆ ವೇಗದ ಉಸಿರು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡವೇ ಬೇಡ. ಪುಟ್ಟ ಮಗು ಒಮ್ಮೆ ಜೋರಾಗಿ ಉಸಿರಾಡಿ ಒಮ್ಮೆ ನಿಲ್ಲಿಸುತ್ತದೆ. ಕಾರವಾರದಲ್ಲಿ ಮಳೆ ಹುಯ್ಯುತ್ತಿದ್ದ ದಿನ ಹನ್ನೆರಡು ದಿನದ ಕೂಸೊಂದು ಬಂತು. ಅಂಗಿ ಎತ್ತಿ ಹೊಟ್ಟೆ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದೆ, 64. ಅದು ಆಗಷ್ಟೇ ಅತ್ತು ಸುಮ್ಮನಾಗಿತ್ತು. 60 ದಾಟಿದರೆ ಇನ್ನೊಮ್ಮೆ ಎಣಿಸಲೇಬೇಕು. 'ಎಂತ ತಂಗಿ, ಎಷ್ಟು ಹೊತ್ತು ನೋಡ್ತೆ?' ಅಂದರು ಅವರಜ್ಜಿ. ಕೂಸು ನಿದ್ದೆ ಹೋಗುವ ತನಕ ಕಾದು ಮತ್ತೆ ಎಣಿಸಿದೆ. 52. ಎದೆ ಒಳಗೆ ಸೆಳೆಯುತ್ತಿರಲಿಲ್ಲ, ಹಾಲೂ ಕುಡಿಯುತ್ತಿತ್ತು. ಎರಡೂ ಸಂಖ್ಯೆ ಬರೆದು, ಮೊದಲನೆಯದರ ಮುಂದೆ 'ಅತ್ತ ಮೇಲೆ' ಅಂತ ಸೇರಿಸಿದೆ.