ಮದ್ದಿಗೂ ಜಗ್ಗದ, ಒರೆಸಿದರೂ ಹೋಗದ ಶಿಲೀಂಧ್ರ

ದಾವಣಗೆರೆಯಲ್ಲಿ ಫಂಗಸ್ ಎಂದ ಕೂಡಲೇ ಜನ ಕೇಳುವುದು ‘ಬ್ಲ್ಯಾಕ್ ಫಂಗಸ್ಸಾ?’ ಎಂದು. 2021ರಲ್ಲಿ ಆಂಫೊಟೆರಿಸಿನ್ ಇಂಜೆಕ್ಷನ್‌ಗಾಗಿ ಪರದಾಡಿದ ನೆನಪು ಇನ್ನೂ ಮಾಸಿಲ್ಲ. ಆದರೆ ಜಗಳೂರು, ಹರಪನಹಳ್ಳಿ, ಹಿರಿಯೂರು ಕಡೆಯಿಂದ ತಮ್ಮವರನ್ನು ಇಲ್ಲಿನ ಐಸಿಯುಗಳಿಗೆ ಕರೆತರುವವರು ತಿಳಿದಿರಬೇಕಾದ ಹೆಸರು ಇನ್ನೊಂದಿದೆ: ಕ್ಯಾಂಡಿಡಾ ಆರಿಸ್. ಇದು ಬ್ಲ್ಯಾಕ್ ಫಂಗಸ್ ಅಲ್ಲ, ಕ್ಯಾಂಡಿಡಾ ಎಂಬ ಗುಂಪಿಗೆ ಸೇರಿದ ಬೇರೆಯದೇ ಶಿಲೀಂಧ್ರ. ಕೈಯಿಂದ, ಮಂಚದ ಕಂಬಿಯಿಂದ, ಬಿಪಿ ಪಟ್ಟಿಯಿಂದ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ.

ಶಿಲೀಂಧ್ರಕ್ಕೆ ಕೊಡುವ ಔಷಧಗಳಲ್ಲಿ 1950ರ ದಶಕದಲ್ಲಿ ಆಂಫೊಟೆರಿಸಿನ್, 1990ರಲ್ಲಿ ಫ್ಲುಕೊನಜೋಲ್, 2001ರಲ್ಲಿ ಕ್ಯಾಸ್ಪೊಫಂಗಿನ್ ಬಂದವು. ರಕ್ತಕ್ಕಿಳಿದ ಕ್ಯಾಂಡಿಡಾಗೆ ಇಂದಿಗೂ ಮುಖ್ಯವಾಗಿ ಈ ಮೂರು ವರ್ಗದ ಔಷಧಗಳೇ ಗತಿ. ಆರಿಸ್ ಮೊದಲು ವರದಿಯಾದದ್ದು 2009ರಲ್ಲಿ, ಜಪಾನಿನ ವೃದ್ಧೆಯೊಬ್ಬರ ಕಿವಿಯಿಂದ. 2013ರಲ್ಲಿ ದೆಹಲಿಯ ವೈದ್ಯರು ಅದನ್ನು ರೋಗಿಗಳ ರಕ್ತದಲ್ಲಿ ಕಂಡರು. ಲ್ಯಾಬಿನ ಮಾಮೂಲಿ ಯಂತ್ರಗಳು ಇದನ್ನು ಇನ್ನೊಂದು ಕ್ಯಾಂಡಿಡಾ ಎಂದು ತಪ್ಪಾಗಿ ಗುರುತಿಸುತ್ತಿದ್ದುದರಿಂದ ಎಷ್ಟೋ ಪ್ರಕರಣಗಳು ಲೆಕ್ಕಕ್ಕೇ ಸಿಗಲಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅತಿ ಗಂಭೀರ ಶಿಲೀಂಧ್ರಗಳ ಪಟ್ಟಿಗೆ ಸೇರಿಸಿತು. ಅಮೆರಿಕದಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ಸುಮಾರು 90 ಶೇಕಡಾ ಫ್ಲುಕೊನಜೋಲ್‌ಗೆ ಮಣಿದಿರಲಿಲ್ಲ.

ಇಷ್ಟೂ ವರ್ಷ ಚರ್ಚೆಯೆಲ್ಲ ಔಷಧದ ಸುತ್ತಲೇ ನಡೆಯಿತು. ನಿಜವಾದ ಕುತೂಹಲ ಇರುವುದು ಅದು ಅಂಟಿಕೊಳ್ಳುವ ರೀತಿಯಲ್ಲಿ. ಬೇರೆ ಕ್ಯಾಂಡಿಡಾಗಳು ಹೆಚ್ಚಾಗಿ ಕರುಳಲ್ಲಿ, ಬಾಯಲ್ಲಿ ಬೀಡುಬಿಟ್ಟರೆ ಆರಿಸ್‌ಗೆ ಕಂಕುಳು, ತೊಡೆಸಂದಿನ ಚರ್ಮವೇ ನೆಲೆ. ಅಲ್ಲಿಂದ ಪ್ಲಾಸ್ಟಿಕ್ಕಿಗೆ ದಾಟುತ್ತದೆ, ವಾರಗಟ್ಟಲೆ ಬದುಕುತ್ತದೆ.

ದೊಡ್ಡ ರಕ್ತನಾಳಕ್ಕೆ ಔಷಧ ಹರಿಸಲು ಕುತ್ತಿಗೆಗೆ ಹಾಕಿದ ಸೆಂಟ್ರಲ್ ಲೈನ್ ನಳಿಗೆಯನ್ನೇ ನೋಡಿ. ಮೊದಲು ಒಂದಿಷ್ಟು ಜೀವಕೋಶಗಳು ಅದರ ಮೈಗೆ ಅಂಟುತ್ತವೆ, ಒಂದರ ಮೇಲೊಂದರಂತೆ ಪದರ ಕಟ್ಟುತ್ತವೆ, ಸಕ್ಕರೆ ಸರಪಳಿಗಳ ಲೋಳೆಯನ್ನು ಸುತ್ತ ಹೊದೆಯುತ್ತವೆ. ತೊಟ್ಟಿಯ ಗೋಡೆಗೆ ಕಟ್ಟಿದ ಲೋಳೆಯಂತೆ ಬರೀ ನೀರು ಸುರಿದರೆ ಅದು ಹೋಗದು. ಇದೇ ಬಯೋಫಿಲ್ಮ್. ಲೋಳೆಯೇ ಔಷಧವನ್ನು ಹಿಡಿದಿಟ್ಟುಕೊಳ್ಳುವುದರಿಂದ ಒಳಗಿನ ಕೋಶಗಳಿಗೆ ಅದು ತಲುಪುವುದು ಕಷ್ಟ.

ಆ ಮೊದಲ ಅಂಟು ಯಾವುದು? 2023ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ತಂಡ ಉತ್ತರ ಕೊಟ್ಟಿತು. ಕೋಶದ ಹೊರಮೈಯಲ್ಲಿರುವ ಎಸ್‌ಸಿಎಫ್1 ಎಂಬ ಪ್ರೋಟೀನ್ ಆ ಕೆಲಸ ಮಾಡುತ್ತದೆ. ಜೊತೆಗೆ ಐಎಫ್‌ಎಫ್4109 ಎಂಬ ಇನ್ನೊಂದು. ಇಂಥ ಪ್ರೋಟೀನ್‌ಗಳು ಸಾಮಾನ್ಯವಾಗಿ ನೀರನ್ನು ದೂರ ತಳ್ಳುವ ಗುಣದಿಂದ ಅಂಟುತ್ತವೆ. ಎಸ್‌ಸಿಎಫ್1 ಹಾಗಲ್ಲ, ತನ್ನಲ್ಲಿರುವ ಧನ (ಪ್ಲಸ್) ವಿದ್ಯುದಾವೇಶದ ಅಮೈನೊ ಆಮ್ಲಗಳ ಬಲದಿಂದ ಹಿಡಿಯುತ್ತದೆ. ಒದ್ದೆ ಬಂಡೆಗೆ ಕಚ್ಚಿಕೊಳ್ಳುವ ಸಮುದ್ರದ ಚಿಪ್ಪುಜೀವಿಗಳ ಅಂಟಿನಲ್ಲೂ ಇದೇ ಬಗೆಯ ತಂತ್ರವಿದೆ. ಎಸ್‌ಸಿಎಫ್1 ತಯಾರಿಸುವ ಜೀನ್ ತೆಗೆದಾಗ ಬಯೋಫಿಲ್ಮ್ ಸೊರಗಿತು, ಚರ್ಮದ ಮೇಲೆ ನೆಲೆಯೂರುವುದು ತಗ್ಗಿತು, ಇಲಿಗಳಲ್ಲಿ ರೋಗದ ತೀವ್ರತೆಯೂ ಇಳಿಯಿತು. ಎಸ್‌ಸಿಎಫ್1 ಎಲ್ಲ ತಳಿಗಳಲ್ಲಿ ಒಂದೇ ಪ್ರಮಾಣದಲ್ಲಿ ತಯಾರಾಗುವುದಿಲ್ಲ. ಒಂದು ತಳಿ ಬಿಗಿಯಾಗಿ ಹಿಡಿದು ಇನ್ನೊಂದು ಸಡಿಲವಾಗುವುದು ಅದರಿಂದಲೇ.

ಅಂಟನ್ನೇ ತಡೆಯುವ ಮದ್ದು ಇನ್ನೂ ವಾರ್ಡಿಗೆ ಬಂದಿಲ್ಲ. ಕೈಯಲ್ಲಿರುವುದು ಹಳೆಯ ಕೆಲಸಗಳೇ: ಬೇಡವಾದ ನಳಿಗೆಯನ್ನು ಅಂದೇ ತೆಗೆಯುವುದು, ಕ್ಲೋರಿನ್ ದ್ರಾವಣದಿಂದ ಮಂಚ ಒರೆಸುವುದು, ಸರಿಯಾಗಿ ಗುರುತಿಸಬಲ್ಲ ಲ್ಯಾಬಿಗೆ ಮಾದರಿ ಕಳಿಸುವುದು. ಆಸ್ಪತ್ರೆಗಳಲ್ಲಿ ಬಳಸುವ ಕ್ವಾಟರ್ನರಿ ಅಮೋನಿಯಂ ಬಗೆಯ ಹಲವು ಸೋಂಕುನಿವಾರಕ ದ್ರಾವಣಗಳು ಆರಿಸ್ ಮೇಲೆ ಅಷ್ಟಾಗಿ ನಾಟುವುದಿಲ್ಲ. ಹೊಸ ಇಂಜೆಕ್ಷನ್‌ಗೆ ಸಿಗುವ ಗಮನದ ಅರ್ಧದಷ್ಟಾದರೂ ಒರೆಸುವ ಬಟ್ಟೆಗೂ, ಅದನ್ನು ಹಿಡಿದ ಸಿಬ್ಬಂದಿಯ ತರಬೇತಿಗೂ ಸಿಗಬೇಕಿತ್ತು. ರೋಗಿಯನ್ನು ಬೇರೆ ಆಸ್ಪತ್ರೆಗೆ ಕಳಿಸುವಾಗ ರೆಫರಲ್ ಚೀಟಿಯಲ್ಲಿ ‘ಆರಿಸ್ ಇದೆ’ ಎಂದು ಒಂದು ಸಾಲು ಬರೆದರೆ, ಆಂಬ್ಯುಲೆನ್ಸ್ ಬರುವ ಮುಂಚೆಯೇ ಆಚೆಯವರು ಪ್ರತ್ಯೇಕ ಕೊಠಡಿ ಸಿದ್ಧಪಡಿಸಬಹುದು.