ನಗೆ ಸಿನಿಮಾದ ಮನುಷ್ಯ: ಆಸೆ ಬೇರೆ, ದಾರಿ ಬೇರೆ

ಧಾರವಾಡದಲ್ಲಿ ನನ್ನ ಜೊತೆ ಹಾಸ್ಯದ ಪಾಠ ಓದುತ್ತಿರುವವರಿಗಾಗಿ ಇದು. 'ನಾಟ್ಯಶಾಸ್ತ್ರ'ದಲ್ಲಿ ಭರತ ಹೇಳುವ ಆರು ಬಗೆಯ ನಗು, ಸ್ಮಿತ ಅನ್ನುವ ಮುಗುಳ್ನಗೆಯಿಂದ ಅತಿಹಸಿತ ಅನ್ನುವ ಅಬ್ಬರದ ನಗುವಿನವರೆಗೆ, ಎಲ್ಲರಿಗೂ ಬಾಯಿಪಾಠ ಇದೆ. ಅದನ್ನು ಬಿಡ್ತೀನಿ. ತೊಡಕು ಇರುವುದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್‌ನ ಒಂದು ಮಾತಿನಲ್ಲಿ.

ಕಾವ್ಯ, ನಾಟಕದ ಬಗ್ಗೆ ಬರೆದ 'ಪೊಯೆಟಿಕ್ಸ್'ನಲ್ಲಿ ಅವನು ಹೇಳುವುದು ಇಷ್ಟು: ಕಾಮಿಡಿಯಲ್ಲಿ ಬರುವವರು ನಮಗಿಂತ ಸ್ವಲ್ಪ ಕೆಳಗಿನ ಗುಣದವರು, ಅವರ ತಪ್ಪಿಗೆ ನಗು ಬರಬೇಕಾದರೆ ಅದರಿಂದ ನೋವಾಗಬಾರದು. ಹಾಗಾದರೆ 2015ರ 'ತಿಥಿ' ನೋಡಿ ನಾವು ಯಾಕೆ ನಗುತ್ತೇವೆ?

ಮಂಡ್ಯ ಕಡೆಯ ಹಳ್ಳಿಯ ಜನರೇ ನಟಿಸಿದ ಸಿನಿಮಾ ಅದು. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಐದು ಎಕರೆ ಹೊಲ ತನ್ನ ಹೆಸರಿಗೆ ಬರಬೇಕು. ಹಕ್ಕು ಇರುವುದು ಅಪ್ಪ ಗಡ್ಡಪ್ಪನಿಗೆ, ಅವನಿಗೆ ಆಸ್ತಿ ಬೇಡ, ಬ್ರಾಂಡಿ ಕುಡಿದು ಸುಮ್ನೆ ತಿರುಗಾಡಿದರೆ ಸಾಕು. ತಮ್ಮಣ್ಣ ಬದುಕಿರುವ ಅಪ್ಪನ ಮರಣ ಪತ್ರ ಮಾಡಿಸಿ, ಅಪ್ಪನನ್ನು ಊರಿಂದ ಹೊರಗೆ ಕಳಿಸುತ್ತಾನೆ. ಇದಕ್ಕೆಲ್ಲ ಸಾಲ ಬೇರೆ. ನೋವು ಇದೆ, ಆದರೂ ನಗು ಬರುತ್ತದೆ.

ಇಲ್ಲಿ ನಿಧಾನವಾಗಿ ಓದಿ. ತಮ್ಮಣ್ಣನಲ್ಲಿ ಎರಡು ಸಂಗತಿ ಇವೆ, ಒಂದು ಅವನ ಆಸೆ, ಇನ್ನೊಂದು ಅದಕ್ಕೆ ಹಿಡಿದ ದಾರಿ. ಆಸೆಗೆ ಯಾರೂ ನಗುವುದಿಲ್ಲ. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ತನ್ನ ಹೆಸರು ಬರಲಿ ಅಂತ ತಾಲೂಕು ಕಚೇರಿಗೆ ಅಲೆಯುವವರು ನವಲಗುಂದದಲ್ಲೂ ಇದ್ದಾರೆ, ರೋಣದಲ್ಲೂ ಇದ್ದಾರೆ. ಅವನ ಸಾಲಕ್ಕೂ ನಗುವುದಿಲ್ಲ. ನಗುವುದು ದಾರಿಗೆ, ಅಂದರೆ ಎದುರಿಗೇ ಓಡಾಡುತ್ತಿರುವ ಅಪ್ಪ ಕಾಗದದಲ್ಲಿ ಸತ್ತಿರುವುದಕ್ಕೆ. ಆಸೆ ನಮ್ಮದೇ ಆದ್ದರಿಂದ ತಮ್ಮಣ್ಣನನ್ನು ದ್ವೇಷಿಸಲು ಆಗುವುದಿಲ್ಲ, ದಾರಿ ಅತಿಯಾದ್ದರಿಂದ ಒಪ್ಪಲೂ ಆಗುವುದಿಲ್ಲ. ಅರಿಸ್ಟಾಟಲ್‌ನ ಮಾತನ್ನು ಇಡೀ ಕಥೆಗೆ ಹಚ್ಚಿದರೆ ಲೆಕ್ಕ ತಪ್ಪುತ್ತದೆ. ಅಪ್ಪನನ್ನು ಕಾಗದದಲ್ಲಿ ಸಾಯಿಸಿದ ತಪ್ಪಿಗೆ ಮಾತ್ರ ಹಚ್ಚಿದರೆ ಕೂಡುತ್ತದೆ.

ನನ್ನ ಉಪಾಯ ಇಷ್ಟೇ: ಆಸೆ ಸರಿ, ದಾರಿ ತಪ್ಪು. ಯಾವ ಪಾತ್ರ ಬಂದರೂ ಮೊದಲು ಇದನ್ನು ಹಚ್ಚಿ. ಗದುಗಿನ ಕುಮಾರವ್ಯಾಸನ ಉತ್ತರಕುಮಾರನಿಗೂ ಇದು ಹೊಂದುತ್ತದೆ. ಶೂರ ಅನ್ನಿಸಿಕೊಳ್ಳಬೇಕು ಎಂಬ ಆಸೆ ಯಾರಿಗಿಲ್ಲ? ಅವನು ಹೆಂಗಸರ ಮುಂದೆ ಜಂಬ ಕೊಚ್ಚಿ, ಕೌರವರ ಸೇನೆ ಕಂಡದ್ದೇ ರಥದಿಂದ ಹಾರಿ ಓಡುತ್ತಾನೆ. 'ಉತ್ತರನ ಪೌರುಷ ಒಲೆಯ ಮುಂದೆ' ಅಂತ ಇವತ್ತಿಗೂ ಅನ್ನುತ್ತೇವಲ್ಲ.

ಟಿವಿ ಬಗ್ಗೆ ಒಂದೇ ವ್ಯತ್ಯಾಸ ಸಾಕು. ಸಿನಿಮಾದಲ್ಲಿ ಮನುಷ್ಯ ಬದಲಾಗಬಹುದು, ಧಾರಾವಾಹಿಯಲ್ಲಿ ಬದಲಾದರೆ ಮುಂದಿನ ಕಂತೇ ಇಲ್ಲ. 'ಪಾಪ ಪಾಂಡು'ವಿನ ಪಾಂಡು ಹೆಂಡತಿಯಿಂದ ಒದೆ ತಿಂದು ಮತ್ತೆ ಹೊಸ ಎಡವಟ್ಟಿಗೆ ಸಿದ್ಧ. ಗಾಯ ಉಳಿಯುವುದಿಲ್ಲ, ಅದಕ್ಕೇ ನಗಬಹುದು. 1988ರಲ್ಲಿ ದೂರದರ್ಶನದಲ್ಲಿ ಬಂದ 'ವಾಗ್ಲೆ ಕಿ ದುನಿಯಾ' ಮೆತ್ತಗಿನದು, ಆರ್. ಕೆ. ಲಕ್ಷ್ಮಣ್ ಕಲ್ಪಿಸಿದ ಸಾಧಾರಣ ನೌಕರನ ಪೇಚಾಟ.

ಇನ್ನು ನನಗೆ ಸಿಟ್ಟು ಬರುವ ವಿಷಯ. ಎಷ್ಟೋ ಸಿನಿಮಾಗಳಲ್ಲಿ ಹುಬ್ಬಳ್ಳಿ ಕಡೆಯವನು ಬಂದು 'ಏನ್ರೀ, ಹೆಂಗದೀರಿ' ಅಂದರೆ ಸಾಕು, ಅದೇ ಜೋಕ್. ಅವನಿಗೆ ಆಸೆ ಇಲ್ಲ, ದಾರಿಯೂ ಇಲ್ಲ, ಮಾತಿನ ಧಾಟಿ ಮಾತ್ರ ಇದೆ. ವಿಕೃತ ವೇಷವನ್ನು ಭರತ ಹಾಸ್ಯಕ್ಕೆ ಕಾರಣ ಅನ್ನುತ್ತಾನೆ, ನಿಜ. ಆದರೆ ವೇಷ ಹಾಕಿಕೊಳ್ಳುವಂಥದ್ದು, ಊರಿನ ಮಾತು ಹಾಗಲ್ಲ. ಅದೇ ಧಾಟಿಯಲ್ಲಿ ಮಾತಾಡುವ ಜಿಪುಣನನ್ನೋ ಬಡಾಯಿಗಾರನನ್ನೋ ಕೊಟ್ಟರೆ ನಾವೇ ಮೊದಲು ನಗುತ್ತೇವೆ, ಯಾಕಂದರೆ ಆಗ ನಗು ಅವನ ಬಡಾಯಿಗೆ.