ಹತ್ತೊಂಬತ್ತು ಸಾವಿರ ಕಿಲೋಮೀಟರಿನ ಮೋಹ

ಕಡಿಮೆ ಓಡಿದ ಕಾರೇ ಒಳ್ಳೆಯ ಕಾರು ಎಂಬ ನಂಬಿಕೆ ನಮ್ಮ ಜನರಲ್ಲಿ ಎಷ್ಟು ಆಳವಾಗಿ ಬೇರೂರಿದೆ ಎಂದರೆ, ಅದನ್ನು ಅಲುಗಾಡಿಸಲು ಹೋದವರನ್ನೇ ಅನುಮಾನದಿಂದ ನೋಡುತ್ತಾರೆ. ಹಳೆಯ ಕಾರು ಕೊಳ್ಳುವವರಿಗೆ ಮುಂಚಿತವಾಗಿ ತಪಾಸಣೆ ಮಾಡಿಕೊಡುವುದು ದಾವಣಗೆರೆಯಲ್ಲಿ ನನ್ನ ಕಸುಬು. ಮಾರುತಿ, ಹ್ಯುಂಡೈ ಕಾರುಗಳ ವಿಷಯದಲ್ಲಿ ಈ ನಂಬಿಕೆಯಿಂದ ಆಗುವ ನಷ್ಟ ತಡೆದುಕೊಳ್ಳುವಷ್ಟೇ ಇರುತ್ತದೆ. ಆಮದಾದ ಹಳೆಯ ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಮಾತ್ರ ಅದೇ ನಂಬಿಕೆ ತೋಟದ ಒಂದು ವರ್ಷದ ಫಸಲನ್ನು ನುಂಗಿ ಹಾಕುತ್ತದೆ.

ಅಡಿಕೆಗೆ ದರ ಸಿಕ್ಕ ವರ್ಷ ಚನ್ನಗಿರಿ, ಹೊನ್ನಾಳಿ, ಹೊಳಲ್ಕೆರೆ ಕಡೆಯ ಹುಡುಗರು ಮೊಬೈಲ್ ಹಿಡಿದು ಬರುತ್ತಾರೆ. ಒಂದು ಚಿತ್ರದಲ್ಲಿ ಹದಿನೆಂಟು ವರ್ಷ ಹಳೆಯ, ಎರಡೇ ಸೀಟಿನ ಜರ್ಮನ್ ಕಾರು. ಓಡಿರುವುದು 19,000 ಕಿಲೋಮೀಟರ್. ಇನ್ನೊಂದು ಚಿತ್ರದಲ್ಲಿ ಪುಣೆಯ ಬಳಿಯ ಚಾಕಣದಲ್ಲಿ ತಯಾರಾದ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಅಥವಾ ಚೆನ್ನೈ ಬಳಿಯ ಶ್ರೀಪೆರಂಬುದೂರಿನಲ್ಲಿ ತಯಾರಾದ ಹ್ಯುಂಡೈ ಐ20 ಎನ್ ಲೈನ್. ಓಡಿರುವುದು ಎಂಬತ್ತು, ತೊಂಬತ್ತು ಸಾವಿರ. ಮೊದಲನೆಯದರ ಬೆಲೆ ಹೆಚ್ಚು, ಆದರೆ ಒಂದು ಕಾಲದಲ್ಲಿ ಷೋರೂಮಿನಲ್ಲಿ ಇದ್ದ ಬೆಲೆಯ ಮುಂದೆ ಅದು ಏನೂ ಅಲ್ಲ. ‘ಸಾರ್, ಇದು ಇನ್ನೂ ಹೊಸದೇ ಅಲ್ಲವೇ?’ ಎಂದು ಕೇಳುವಾಗ ಅವರ ಮುಖದಲ್ಲಿ ಕಾಣುವ ಆಸೆಯನ್ನು ನಾನು ಬಲ್ಲೆ. ಕಾರು ಪ್ರೀತಿಸುವ ಹುಡುಗರೆಂದರೆ ನನಗೂ ಅಕ್ಕರೆ. ಅದಕ್ಕಾಗಿಯೇ ಈ ಒಂದು ವಿಷಯವನ್ನು ಬಿಡಿಸಿ ಬಿಡಿಸಿ ಹೇಳುತ್ತೇನೆ.

ಕಾರು ಎರಡು ರೀತಿಯಲ್ಲಿ ಸವೆಯುತ್ತದೆ. ಓಡಿದ್ದರಿಂದ ಆಗುವ ಸವೆತ ಒಂದು, ವರ್ಷ ಕಳೆದದ್ದರಿಂದ ಆಗುವ ಸವೆತ ಇನ್ನೊಂದು. ಓಡೋಮೀಟರ್ ಮೊದಲನೆಯದನ್ನು ಮಾತ್ರ ತೋರಿಸುತ್ತದೆ. ಬ್ರೇಕ್ ಪ್ಯಾಡ್, ಕ್ಲಚ್ ತಟ್ಟೆ, ಟೈರಿನ ಗೀಟು, ಸೀಟಿನ ಚರ್ಮ ಸವೆಯುವುದು ಓಟದಿಂದ. ರಬ್ಬರ್ ಹೋಸು, ಎಂಜಿನ್ ಮೌಂಟಿಂಗ್, ಎಣ್ಣೆ ತಡೆಯುವ ಸೀಲುಗಳು, ಟೈಮಿಂಗ್ ಬೆಲ್ಟ್, ಟೈರಿನ ಪಕ್ಕದ ಗೋಡೆ ಇವೆಲ್ಲ ಕಾರು ನಿಂತಿದ್ದರೂ ಹಳೆಯದಾಗುತ್ತವೆ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ಓಡಿಸಿದರೂ ಓಡಿಸದಿದ್ದರೂ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಎಸಿ ಕಂಪ್ರೆಸರಿನ ಸೀಲು ಒದ್ದೆಯಾಗಿರುವುದೇ ಅದು ತಿರುಗುತ್ತಿದ್ದರೆ. ತಿಂಗಳುಗಟ್ಟಲೆ ತಿರುಗದಿದ್ದರೆ ಒಣಗಿ ಅನಿಲ ಸೋರುತ್ತದೆ. ಹತ್ತು ವರ್ಷ ಕೊಟ್ಟಿಗೆಯಲ್ಲೇ ಕಟ್ಟಿಹಾಕಿದ ಎತ್ತನ್ನು ‘ಒಂದು ದಿನವೂ ದುಡಿದಿಲ್ಲ, ಹೊಸ ಎತ್ತಿನ ಹಾಗಿದೆ’ ಎಂದು ಸಂತೆಯಲ್ಲಿ ಯಾರಾದರೂ ಹೇಳಿದರೆ ನಮ್ಮ ರೈತರು ಕೊಳ್ಳುತ್ತಾರೆಯೇ? ಕಾರಿನ ವಿಷಯದಲ್ಲಿ ಮಾತ್ರ ಕೊಳ್ಳುತ್ತಾರೆ.

ಇದಕ್ಕೆ ಪೆಟ್ರೋಲಿನ ಸಮಸ್ಯೆಯೂ ಸೇರಿದೆ. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಪ್ರತಿದಿನ ಓಡುವ ಕಾರಿನಲ್ಲಿ ಟ್ಯಾಂಕು ಖಾಲಿಯಾಗಿ ತುಂಬುತ್ತಿರುವುದರಿಂದ ಅದು ಅಷ್ಟಾಗಿ ಕಾಡುವುದಿಲ್ಲ. ಆರು ತಿಂಗಳು ಅರ್ಧ ಟ್ಯಾಂಕಿನೊಂದಿಗೆ ನಿಂತ, ಇಂಥ ಇಂಧನವನ್ನು ಮನಸ್ಸಿನಲ್ಲಿಟ್ಟು ತಯಾರಿಸದ ಕಾರಿನಲ್ಲಿ ಇಂಧನ ಪಂಪು, ಪೈಪು, ಇಂಜೆಕ್ಟರುಗಳಿಗೆ ಅದು ಒಳ್ಳೆಯದಲ್ಲ. ನಮ್ಮ ಜಿಲ್ಲೆ ಬೆಳೆಯುವ ಮೆಕ್ಕೆಜೋಳಕ್ಕೆ ಎಥೆನಾಲಿನಿಂದ ಬೇಡಿಕೆ ಬಂದರೆ ನನಗೆ ಸಂತೋಷವೇ. ಆದರೆ 2007ರ ಕಾರಿನ ರಬ್ಬರಿಗೆ ಆ ಸಂತೋಷವಿಲ್ಲ.

ಇತ್ತೀಚೆಗೆ ಚನ್ನಗಿರಿ ಕಡೆಯ ಒಂದು ತೋಟದ ಮನೆಗೆ ಇಂಥದ್ದೇ ಕಾರನ್ನು ನೋಡಲು ಹೋಗಿದ್ದೆ. ಬಟ್ಟೆಯ ಛಾವಣಿ ಮಡಚಿಕೊಳ್ಳುವ, ಎಂಜಿನ್ ಸೀಟಿನ ಹಿಂದಿರುವ ಕಾರು. ಬಣ್ಣ ಕನ್ನಡಿಯಂತಿತ್ತು. ಕೊಳ್ಳಲು ಬಂದ ಹುಡುಗ ಆಗಲೇ ಸ್ಟೀರಿಂಗ್ ಮುಂದೆ ಕುಳಿತಿದ್ದ. ನಾನು ಟೈರಿನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ಟಾರ್ಚ್ ಹಾಕಿದೆ. ಪಕ್ಕದ ಗೋಡೆಯಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ 1412 ಎಂದಿತ್ತು. ಅಂದರೆ 2012ನೆಯ ಇಸವಿಯ ಹದಿನಾಲ್ಕನೆಯ ವಾರದಲ್ಲಿ ತಯಾರಾದ ಟೈರು. ಗೀಟು ಬೆರಳು ಮುಳುಗುವಷ್ಟು ಆಳವಾಗಿತ್ತು, ಗೋಡೆಯ ತುಂಬ ಮಾತ್ರ ಕೂದಲೆಳೆಯ ಬಿರುಕುಗಳು. ನಮ್ಮ ಆರು ಪಥದ ಹೆದ್ದಾರಿಯಲ್ಲಿ ಚಿತ್ರದುರ್ಗದ ಕಡೆಗೆ ಆ ಟೈರಿನ ಮೇಲೆ ವೇಗವಾಗಿ ಹೋಗುವುದನ್ನು ನೆನೆದರೇ ಎದೆ ಝಲ್ಲೆನ್ನುತ್ತದೆ.

ಮುಂದಿನ ಬಂಪರಿನ ಎರಡೂ ಮೂಲೆಯ ಕಿಂಡಿಗಳಲ್ಲಿ ಕೈ ಹಾಕಿದಾಗ ಹಿಡಿ ಹಿಡಿಯಾಗಿ ಬೇವಿನ ಎಲೆ, ಅಡಿಕೆ ಸಿಪ್ಪೆಯ ನಾರು ಹೊರಬಂತು. ಇಂಥ ಕಾರುಗಳಲ್ಲಿ ರೇಡಿಯೇಟರುಗಳು ಆ ಮೂಲೆಗಳಲ್ಲಿಯೇ ಇರುತ್ತವೆ. ಎಲೆ ಕೊಳೆತು ತೇವ ಹಿಡಿದರೆ ಅಲ್ಯೂಮಿನಿಯಂ ರೆಕ್ಕೆಗಳು ಉದುರುತ್ತವೆ. ಎಸಿ ಕಂಡೆನ್ಸರು ಮೊದಲು ಹೋಗುತ್ತದೆ. ಛಾವಣಿಯ ಬುಡದಲ್ಲಿ ಮಳೆ ನೀರು ಇಳಿದು ಹೋಗುವ ರಂಧ್ರಗಳೂ ಮುಚ್ಚಿದ್ದವು. ಆ ನೀರು ಒಳಗೆ ಇಳಿದು ಸೀಟಿನ ಕೆಳಗೆ ನಿಲ್ಲುತ್ತದೆ, ಬೀಗ ಮತ್ತು ಕೀಲಿಯನ್ನು ಗುರುತಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುವುದೂ ಅಲ್ಲಿಯೇ. ನೆಲಹಾಸು ಎತ್ತಿದಾಗ ಮುಗ್ಗಲು ವಾಸನೆ ಬಂತು. ಎಂಜಿನ್ ಪಕ್ಕದ ತಂತಿಗಳ ಕಟ್ಟಿನ ಮೇಲೆ ಇಲಿಯ ಹಲ್ಲಿನ ಗುರುತು. ಪಕ್ಕದ ಕೋಣೆಯಲ್ಲಿ ಮೆಕ್ಕೆಜೋಳದ ಚೀಲಗಳಿದ್ದವು. ಮಾಲೀಕರು ಕೆಟ್ಟವರಲ್ಲ, ಪ್ರತಿ ಭಾನುವಾರ ಕಾರನ್ನು ಒರೆಸಿ ಮುಚ್ಚಿಡುತ್ತಿದ್ದರಂತೆ. ಹೊರಗೆ ತೆಗೆದು ಓಡಿಸಿದ್ದರೆ ಆ ಕಾರು ಇನ್ನೂ ಚೆನ್ನಾಗಿರುತ್ತಿತ್ತು.

ಎಂಜಿನ್ನಿನ ಒಳಗೂ ಇದೇ ಕಥೆ. ಇಂಥದ್ದೇ ಎರಡು ಸೀಟಿನ ಜರ್ಮನ್ ಕಾರಾದ ಪೋರ್ಷೆ ಬಾಕ್ಸ್‌ಸ್ಟರಿನ 2008ರವರೆಗಿನ ಎಂಜಿನ್ನಿನಲ್ಲಿ ಮಧ್ಯಂತರ ಶಾಫ್ಟ್ ಎಂಬ, ಒಳಗೆ ತಿರುಗುವ ಒಂದು ದಂಡ ಇದೆ; ಅದರ ಬೇರಿಂಗ್ ಸೋತರೆ ಎಂಜಿನ್ನೇ ಹೋಗಬಹುದು ಎಂಬುದು ಜಗತ್ತಿನ ಎಲ್ಲ ಮೆಕ್ಯಾನಿಕ್‌ಗಳಿಗೆ ಗೊತ್ತಿರುವ ಸಂಗತಿ. 2009ರಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. ಎಲ್ಲ ಕಾರುಗಳಲ್ಲೂ ಅದು ಸೋಲುವುದಿಲ್ಲ, ಹಾಗೆ ಹೆದರಿಸುವುದು ತಪ್ಪು. ಆದರೆ ಹೆಚ್ಚು ನಿಂತ, ಎಣ್ಣೆ ಬದಲಿಸದ, ಎಂಜಿನ್ ಪೂರ್ತಿ ಬಿಸಿಯಾಗುವ ಮುಂಚೆಯೇ ಆರಿಸಿಬಿಡುವ ಕಾರುಗಳಲ್ಲಿ ಅಪಾಯ ಹೆಚ್ಚು ಎಂಬುದು ಈ ಎಂಜಿನ್ನುಗಳನ್ನು ಬಿಚ್ಚಿದ ಅನೇಕರ ಅನುಭವ. ಹೀಗಾಗಿ ಇಂಥ ಎರಡು ಕಾರುಗಳಲ್ಲಿ 19,000 ಓಡಿದ್ದಕ್ಕಿಂತ 70,000 ಓಡಿದ್ದು, ವರ್ಷ ವರ್ಷ ಎಣ್ಣೆ ಬದಲಿಸಿದ ರಸೀದಿ ಇರುವುದು ಮೇಲು ಎಂದು ನಾನು ಹೇಳಿದಾಗ ಹುಡುಗರು ನಂಬುವುದಿಲ್ಲ. ನಂಬಿ.

ದೇಶದಲ್ಲೇ ತಯಾರಾದ ಕಾರಿಗೂ ವಯಸ್ಸಾಗುತ್ತದೆ. ಆದರೆ ಅದರ ಸೀಲು, ಹೋಸು, ಮೌಂಟಿಂಗು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಸಿಕ್ಕಿ ಕೆಲವೇ ದಿನಗಳಲ್ಲಿ ಬಸ್ಸಿನಲ್ಲಿ ಬರುತ್ತದೆ. ಜರ್ಮನಿಯಿಂದ ಬರಬೇಕಾದ ಅದೇ ಮಾದರಿಯ ಸೀಲಿಗೆ ಆಮದು ಸುಂಕ ಸೇರುತ್ತದೆ, ವಾರಗಳು ಹಿಡಿಯುತ್ತವೆ. ಕಾರಿನ ಬೆಲೆ ಇಳಿದಿರಬಹುದು, ಬಿಡಿಭಾಗದ ಬೆಲೆ ಇಳಿದಿಲ್ಲ. ದಾರಿಯಲ್ಲಿ ನಿಂತರೆ ಬೆಂಗಳೂರಿಗೆ 260 ಕಿಲೋಮೀಟರ್ ಲಾರಿಯ ಮೇಲೆ ಹೊತ್ತೊಯ್ಯಬೇಕು. ವಿಮೆ ಇದೆ ಎಂದು ಸಮಾಧಾನಪಟ್ಟುಕೊಳ್ಳುವವರಿಗೆ ಒಂದು ಮಾತು: ಅಪಘಾತದ ಪರಿಹಾರದಲ್ಲಿ ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳಿಗೆ ಸಾಮಾನ್ಯವಾಗಿ ಶೇ 50ರಷ್ಟು ಸವಕಳಿ ಕಳೆಯುತ್ತಾರೆ. ಇಷ್ಟು ಹಳೆಯ ಕಾರಿಗೆ ಆ ಕಡಿತವಿಲ್ಲದ ಪಾಲಿಸಿ ಸಿಗುವುದು ಕಷ್ಟ.

ಸರ್ಕಾರದ ಶುಲ್ಕದಲ್ಲಿಯೂ ವ್ಯತ್ಯಾಸವಿದೆ, ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ನಂತರ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಅದಕ್ಕೆ ದೇಶೀಯ ಕಾರಿಗೆ 5,000 ರೂಪಾಯಿ, ಆಮದು ಕಾರಿಗೆ 40,000 ರೂಪಾಯಿ. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಇದನ್ನು 10,000 ಮತ್ತು 80,000ಕ್ಕೆ ಏರಿಸಿದ್ದಾರೆ. 2007ರ ಕಾರನ್ನು ಈಗ ಕೊಂಡವನಿಗೆ ಆ ದೊಡ್ಡ ಅಂಕಿ ಕಣ್ಣೆದುರಿಗೇ ಇದೆ.

ಕಾಗದಪತ್ರಗಳ ಬಗ್ಗೆ ವಿವರಕ್ಕೆ ಹೋಗುವುದಿಲ್ಲ, ಅದಕ್ಕೆ ಒಳ್ಳೆಯ ವಕೀಲರು, ಆರ್‌ಟಿಒ ಕಚೇರಿಯ ಅನುಭವಸ್ಥರು ಇದ್ದಾರೆ. ಆದರೆ ಚಾಸಿಸ್ ಸಂಖ್ಯೆಯನ್ನು ನೀವೇ ಓದಬಹುದು. ಹದಿನೇಳು ಅಕ್ಷರಗಳಲ್ಲಿ ಮೊದಲ ಮೂರನ್ನು ನೋಡಿ. ಎಂಎಎಲ್ ಎಂದಿದ್ದರೆ ಇಲ್ಲಿನ ಹ್ಯುಂಡೈ, ಎಂಇಎಕ್ಸ್ ಎಂದಿದ್ದರೆ ಇಲ್ಲಿನ ಫೋಕ್ಸ್‌ವ್ಯಾಗನ್, ಟಿಆರ್‌ಯು ಎಂದಿದ್ದರೆ ಹಂಗೇರಿಯಲ್ಲಿ ಸಿದ್ಧವಾದ ಆಡಿ. ವಿದೇಶದ್ದಾದರೆ ಮುಂದಿನ ಪ್ರಶ್ನೆ: ಇದನ್ನು ತಂದವರು ಯಾರು? ಕಂಪನಿಯೇ ತಂದು ಇಲ್ಲಿನ ಷೋರೂಮಿನಲ್ಲಿ ಮಾರಿದ್ದರೆ ತೊಡಕು ಕಡಿಮೆ. ಯಾರೋ ಸ್ವಂತಕ್ಕೆ ತರಿಸಿದ್ದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ದಾಖಲೆಯ ಮೂಲಪ್ರತಿ ಕೇಳಿ, ಅದರಲ್ಲಿರುವ ಚಾಸಿಸ್ ಸಂಖ್ಯೆಯನ್ನು ಲೋಹದ ಮೇಲೆ ಕೊರೆದ ಸಂಖ್ಯೆಯೊಂದಿಗೆ ಹೋಲಿಸಿ. ಅದು ಇಲ್ಲವೆಂದರೆ ಎದ್ದು ಬನ್ನಿ. 2025ರ ಸೆಪ್ಟೆಂಬರಿನಲ್ಲಿ ಭೂತಾನ್ ಮೂಲಕ ಕಳ್ಳದಾರಿಯಲ್ಲಿ ಬಂದ ಕಾರುಗಳಿಗಾಗಿ ಕಸ್ಟಮ್ಸ್ ಅಧಿಕಾರಿಗಳು ಕೇರಳದಲ್ಲಿ ಶೋಧ ನಡೆಸಿದ್ದು ನೆನಪಿರಲಿ. ಅಂಥ ಕಾರು ಜಪ್ತಿಯಾದಾಗ ಕೊನೆಯಲ್ಲಿ ಕೊಂಡವನ ಹಣವೂ ಅದರೊಂದಿಗೆ ಹೋಗುತ್ತದೆ. ಬೇರೆ ರಾಜ್ಯದ ನೋಂದಣಿಯಿದ್ದರೆ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವಾಗ ಕೆಎ-17 ಅಥವಾ ಕೆಎ-16 ಫಲಕ ಬರಲೇಬೇಕು, ಅದಕ್ಕೆ ತಕ್ಕ ತೆರಿಗೆಯನ್ನೂ ಕಟ್ಟಬೇಕು.

ಹಾಗೆಂದು ದೇಶೀಯ ಕಾರನ್ನು ಕಣ್ಣುಮುಚ್ಚಿ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅದರ ರೋಗವೇ ಬೇರೆ. ಇವು ಹುಡುಗರ ಕೈಯಲ್ಲಿ ಚೆನ್ನಾಗಿ ದುಡಿದ ಕಾರುಗಳು. ಪೋಲೋ ಜಿಟಿಯ ಏಳು ಗೇರಿನ ಆಟೊಮ್ಯಾಟಿಕ್ ಪೆಟ್ಟಿಗೆಯಲ್ಲಿ ಒಣ ಕ್ಲಚ್, ಅಂದರೆ ಎಣ್ಣೆಯಲ್ಲಿ ಮುಳುಗಿರದ ಕ್ಲಚ್ ಇದೆ. ಊರೊಳಗಿನ ನಿಂತು ನಿಂತು ಸಾಗುವ ಓಡಾಟ, ನಮ್ಮ ಏಪ್ರಿಲ್ ಬಿಸಿಲು ಅದಕ್ಕೆ ಒಗ್ಗುವುದಿಲ್ಲ. ಒಂದು, ಎರಡನೆಯ ಗೇರಿನಲ್ಲಿ ನಡುಗಿದರೆ ಬೆಲೆಯಲ್ಲಿ ದೊಡ್ಡ ಮೊತ್ತ ಕಡಿತ ಕೇಳಿ. ಎಂಜಿನ್ನಿನ ಕಂಪ್ಯೂಟರಿಗೆ ಹೊರಗಿನವರಿಂದ ಶಕ್ತಿ ಹೆಚ್ಚಿಸುವ ತಂತ್ರಾಂಶ ಹಾಕಿಸಿದ್ದರೆ ನಾನಂತೂ ಬೇಡ ಎನ್ನುತ್ತೇನೆ. ಆದರೆ ಇವೆಲ್ಲ ನಮ್ಮೂರಿನಲ್ಲೇ ಕಂಡುಹಿಡಿಯಬಹುದಾದ, ಬೆಲೆ ಕಟ್ಟಬಹುದಾದ ದೋಷಗಳು.

ಆಮದು ಕಾರನ್ನೇ ಕೊಳ್ಳಬೇಕೆಂಬ ಆಸೆ ಗಟ್ಟಿಯಾಗಿದ್ದರೆ ನಾನು ಅಡ್ಡ ಬರುವುದಿಲ್ಲ. ತೋಟದ ದಾರಿಯಲ್ಲಿ, ಬೆಳಗಿನ ಹೊತ್ತು ಅಂಥ ಕಾರು ಓಡಿಸುವ ಸುಖ ಏನೆಂದು ನನಗೆ ಗೊತ್ತು. ಕೊಂಡ ಬೆಲೆಯ ಮೂರನೇ ಒಂದು ಭಾಗದಷ್ಟು ಹಣ ಮೊದಲ ವರ್ಷದ ದುರಸ್ತಿಗೆ ಬೇರೆಯಾಗಿ ಇಟ್ಟಿರಬೇಕು ಎಂಬುದು ನನ್ನ ಲೆಕ್ಕ. ಕಾರಿನಿಂದ ಕಾರಿಗೆ ಅದು ಬದಲಾಗುತ್ತದೆ, ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾಗದು. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಲು ಬಿಡುವಿಲ್ಲದವರು ಮಾತ್ರ ದಯವಿಟ್ಟು ಕೊಳ್ಳಬೇಡಿ.

ಚನ್ನಗಿರಿಯ ಆ ಹುಡುಗನಿಗೂ ಇದನ್ನೇ ಹೇಳಿದೆ. ಅವನು ಇನ್ನೂ ನಿರ್ಧಾರ ಮಾಡಿಲ್ಲ. ಈಗ ಕೊಯಮತ್ತೂರಿನ ಇನ್ನೊಂದು ಕಾರಿನ ಚಿತ್ರ ಕಳುಹಿಸಿದ್ದಾನೆ, 64,000 ಓಡಿದೆ, ರಸೀದಿಗಳ ಕಡತ ದಪ್ಪವಾಗಿದೆ. ನೋಡಲು ಹೋಗೋಣ ಎಂದಿದ್ದೇನೆ. ತಪಾಸಣೆಗೆ ಯಾರನ್ನೇ ಕರೆದೊಯ್ಯಿರಿ, ಮಾರುವವರಿಗೆ ಹಿಂದಿನ ದಿನವೇ ಒಂದು ಮಾತು ಹೇಳಿ: ನಾವು ಬರುವವರೆಗೆ ಕಾರನ್ನು ಚಾಲೂ ಮಾಡಬೇಡಿ, ಬ್ಯಾಟರಿ ಬಿಚ್ಚಬೇಡಿ. ತಣ್ಣಗಿರುವ ಎಂಜಿನ್ನಿನ ಮೊದಲ ಸದ್ದನ್ನು ನಾವು ಕೇಳಬೇಕು. ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಾಕಿದಾಗ ದೋಷದ ಸಂಕೇತಗಳು ಒಂದೂ ಇಲ್ಲದೆ, ಕಾರಿನ ಸ್ವಯಂ ಪರೀಕ್ಷೆಗಳೆಲ್ಲ ‘ಅಪೂರ್ಣ’ ಎಂದು ತೋರಿಸಿದರೆ, ಅವನ್ನು ಇತ್ತೀಚೆಗೆ ಯಾರೋ ಅಳಿಸಿದ್ದಾರೆ ಎಂದೇ ತಿಳಿಯಿರಿ.